ಕಥೆಯ ಗೆಳೆಯರನ್ನು ಕೊನೆಯಲ್ಲಿ ಸೇರಿಸಬೇಕೇ, ಬಿಡಬೇಕೇ?

ಪ್ರಶ್ನೆ: ನಾನು ಹುಟ್ಟಿದ್ದು ಧಾರವಾಡದಲ್ಲಿ, ಓದಿದ್ದು ಪುಣೆಯಲ್ಲಿ, ಈಗ ಇರುವುದು ಡೊಂಬಿವಲಿಯಲ್ಲಿ. ಬ್ಯಾಂಕಿನ ಕೆಲಸದ ನಡುವೆ ಒಂದು ರೊಮ್ಯಾಂಟಿಕ್ ಕಾಮಿಡಿ ಚಿತ್ರಕಥೆ ಬರೆದಿದ್ದೇನೆ, 112 ಪುಟ. ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಜೊತೆಯಾದ ನಾಲ್ವರು ಗೆಳೆಯರ ಕಥೆ ಅದು. ಅನಿರುದ್ಧ ಮತ್ತು ಮೈಥಿಲಿ ಹತ್ತು ವರ್ಷದ ಆಪ್ತರು. ಉಳಿದಿಬ್ಬರು ಶ್ರೀಧರ ಮತ್ತು ಫರ್ಹಾನಾ. ಪಣಜಿಯ ಕೌಸ್ತುಭನ ಜೊತೆ ಮೈಥಿಲಿಯ ಮದುವೆ ನಿಶ್ಚಯವಾದ ಮೇಲೆ ಅನಿರುದ್ಧನಿಗೆ ತನ್ನ ಮನಸ್ಸು ಅರ್ಥವಾಗುತ್ತದೆ. ಮೂರು ಮುಕ್ತಾಯಗಳನ್ನು ಬರೆದು ನೋಡಿದೆ. ಒಂದರಲ್ಲಿ ಅವನು ಪುಣೆಯ ವಿಮಾನ ನಿಲ್ದಾಣಕ್ಕೆ ಓಡಿ ಅವಳನ್ನು ತಡೆಯುತ್ತಾನೆ. ಇನ್ನೊಂದರಲ್ಲಿ ಏನೂ ಹೇಳದೆ ಮದುವೆಗೆ ಉಡುಗೊರೆ ಕೊಟ್ಟು ಮಳೆಯಲ್ಲಿ ನಡೆದುಹೋಗುತ್ತಾನೆ. ಮೂರನೆಯದರಲ್ಲಿ ಎರಡು ವರ್ಷದ ನಂತರ ಇಬ್ಬರೂ ಒಂದು ಕೆಫೆಯಲ್ಲಿ ಎದುರಾಗುತ್ತಾರೆ, ಅಲ್ಲಿಗೆ ಚಿತ್ರ ಮುಗಿಯುತ್ತದೆ. ಮಾಟುಂಗದಲ್ಲಿ ನಮ್ಮ ಬಳಗದ ಮುಂದೆ ಓದಿದಾಗ ಹಿರಿಯರೆಲ್ಲ ‘ಸೇರಿಸಿಬಿಡಮ್ಮ’ ಎಂದರು. ನಾಟಕ ಮಾಡಿಸುವ ಒಬ್ಬರು ‘ಸೇರಿಸಿದರೆ ಅಗ್ಗವಾಗುತ್ತದೆ’ ಎಂದರು. ನಾನೇ ಒಮ್ಮೆ ಹತ್ತಿರದ ಗೆಳೆಯನಿಗೆ ಮನಸ್ಸಿನ ಮಾತು ಹೇಳಿ ಗೆಳೆತನವನ್ನೇ ಕಳೆದುಕೊಂಡವಳು. ಸೇರಿಸಿದರೆ ಸುಳ್ಳು ಬರೆದಂತೆ ಅನಿಸುತ್ತದೆ, ಅಗಲಿಸಿದರೆ ಹಳೆಯ ಸೇಡು ತೀರಿಸಿಕೊಂಡಂತೆ. ಏನು ಮಾಡಲಿ?

ಉತ್ತರ: ಪತ್ರದ ಜೊತೆ ನೀವು ಕಳಿಸಿದ ಚಿತ್ರಕಥೆಯನ್ನೂ ಮೂರು ಮುಕ್ತಾಯಗಳನ್ನೂ ಓದಿದೆ. ‘ಸೇರಿಸಲೇ, ಬಿಡಲೇ’ ಎಂಬುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ಎರಡು ಆತಂಕಗಳಿವೆ. ಮೊದಲನೆಯದು ಕಸುಬಿಗೆ ಸಂಬಂಧಿಸಿದ್ದು: ಹೇಗೆ ಮುಗಿಸಿದರೂ ಅದು ಹೊರಗಿನಿಂದ ತಂದು ಅಂಟಿಸಿದಂತೆ ಯಾಕೆ ಕಾಣುತ್ತದೆ? ಎರಡನೆಯದು ನಿಮ್ಮದೇ: ನನಗೆ ದಕ್ಕದೇ ಹೋದದ್ದನ್ನು ನನ್ನ ಪಾತ್ರಗಳಿಗೆ ದಕ್ಕಿಸುವುದು ಪ್ರಾಮಾಣಿಕವೇ? ಅಂಧೇರಿಯಲ್ಲಿ ಕುಳಿತು ಚಿತ್ರಕಥೆ ತಿದ್ದುವ ನನ್ನಂಥವರ ಮೇಜಿಗೆ ಬರುವ ಪ್ರೇಮಕಥೆಗಳಲ್ಲಿ ಹೆಚ್ಚಿನವು ಈ ಎರಡನೆಯ ಆತಂಕದ ಹಿಂದೆ ಮೊದಲನೆಯದನ್ನು ಮರೆಮಾಡಿಕೊಂಡೇ ಬರುತ್ತವೆ. ಹಾಗಾಗಿ ಕಸುಬಿನಿಂದಲೇ ಶುರುಮಾಡುತ್ತೇನೆ. ಅದು ಸರಿಹೋದರೆ ನಿಮ್ಮ ಆತಂಕಕ್ಕೂ ಕಥೆಯೊಳಗೇ ಒಂದು ಜಾಗ ಸಿಗುತ್ತದೆ.

ನಿಮ್ಮ ಬಳಗದಲ್ಲಿ ಎದ್ದ ಎರಡು ಅಭಿಪ್ರಾಯಗಳೂ ಬಹಳ ಹಳೆಯವು, ಮತ್ತು ಎರಡೂ ಅರ್ಧ ಮಾತ್ರ ನಿಜ. ಈ ಬಗೆಯ ಚಿತ್ರ ನೋಡಲು ಬಂದ ಪ್ರೇಕ್ಷಕ ನಾಯಕ ನಾಯಕಿಯರನ್ನು ಸೇರಿಸಲೇಬೇಕೆಂದು ಹಟ ಹಿಡಿಯುತ್ತಾನೆ ಎಂಬ ನಂಬಿಕೆಯನ್ನೇ ತೆಗೆದುಕೊಳ್ಳಿ. ‘ಮೈ ಬೆಸ್ಟ್ ಫ್ರೆಂಡ್ಸ್ ವೆಡಿಂಗ್’ (1997) ಎಂಬ ಹಾಲಿವುಡ್ ಚಿತ್ರದಲ್ಲಿ ನಾಯಕಿ ತನ್ನ ಹಳೆಯ ಗೆಳೆಯನ ಮದುವೆ ಮುರಿಯಲು ಹೊರಡುತ್ತಾಳೆ, ಅವನಿಗೆ ತನ್ನ ಪ್ರೀತಿಯನ್ನೂ ಹೇಳುತ್ತಾಳೆ, ಸೋಲುತ್ತಾಳೆ, ಮದುವೆ ನಡೆದೇ ನಡೆಯುತ್ತದೆ. ಆದರೂ ಜನ ಆ ಚಿತ್ರವನ್ನು ಅಪ್ಪಿಕೊಂಡರು. ಅದರ ಮೊದಲ ಮುಕ್ತಾಯದಲ್ಲಿ ಮದುವೆಯ ಮನೆಯಲ್ಲಿ ನಾಯಕಿಗೆ ಹೊಸ ಗಂಡಸೊಬ್ಬ ಪರಿಚಯವಾಗುವುದಿತ್ತು. ಪರೀಕ್ಷಾರ್ಥ ಪ್ರದರ್ಶನದಲ್ಲಿ ಅದನ್ನು ಯಾರೂ ಒಪ್ಪದಿದ್ದಾಗ ಮತ್ತೆ ಚಿತ್ರೀಕರಿಸಿ, ಚಿತ್ರದುದ್ದಕ್ಕೂ ಅವಳಿಗೆ ಬುದ್ಧಿ ಹೇಳುತ್ತ ಬಂದಿದ್ದ ಇನ್ನೊಬ್ಬ ಗೆಳೆಯನನ್ನೇ ಆ ಮದುವೆಯ ಮನೆಗೆ ಕರೆತಂದರು. ಅವನು ಪ್ರಿಯಕರನಾಗಿ ಬರುವುದಿಲ್ಲ, ಬಂದು ಅವಳ ಜೊತೆ ಕುಣಿಯುತ್ತಾನೆ, ಅಷ್ಟೇ. ಪ್ರೇಕ್ಷಕರಿಗೆ ಬೇಕಿದ್ದದ್ದು ಜೋಡಿಯಾಗಿದ್ದರೆ ಹೊಸ ಗಂಡಸೇ ಸಾಕಿತ್ತು. ಅವರಿಗೆ ಬೇಕಿದ್ದದ್ದು ಚಿತ್ರ ತಾನೇ ಬೆಳೆಸಿಕೊಂಡು ಬಂದ ಗೆಳೆತನ ಕೊನೆಯಲ್ಲಿ ಅವಳ ಕೈಹಿಡಿಯುವುದು.

ಸೇರಿಸಿದರೆ ಅಗ್ಗ, ಅಗಲಿಸಿದರೆ ಘನತೆ ಎಂಬ ಇನ್ನೊಂದು ನಂಬಿಕೆ ನಮ್ಮ ಹವ್ಯಾಸಿ ರಂಗಭೂಮಿಯ ಬಳಗಗಳಲ್ಲಿ ಸ್ವಲ್ಪ ಜಾಸ್ತಿಯೇ ಬೇರೂರಿದೆ. ಅಗಲಿಸುವುದೂ ಸೇರಿಸುವಷ್ಟೇ ಸುಲಭವಾದ ಸೋಮಾರಿತನವಾಗಬಹುದು. ನಿಮ್ಮ ಎರಡನೆಯ ಮುಕ್ತಾಯದ ಮಳೆಯನ್ನು ಓದುವಾಗ 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ ನೆನಪಾಗದ ಕನ್ನಡಿಗ ಇರಲಾರ. ಆದರೆ ಅಲ್ಲಿ ನಾಯಕನ ಮೌನಕ್ಕೆ ಬೆಲೆ ಬಂದದ್ದು ಮಳೆಯಿಂದಲ್ಲ. ಅವನು ಮೊದಲಿನಿಂದಲೂ ಬಾಯಿಬಡುಕ, ಮನಸ್ಸಿಗೆ ಬಂದದ್ದನ್ನು ಬಂದಹಾಗೆ ಹೇಳುವವನು, ನಾಯಕಿಯ ಮನಸ್ಸೂ ಅವನತ್ತ ತಿರುಗಿರುತ್ತದೆ. ಅಂಥವನು ಬಾಯಿ ಮುಚ್ಚಿಕೊಂಡು ಹಿಂದೆ ಸರಿದಾಗ ಅದು ಒಂದು ಕ್ರಿಯೆಯಾಗುತ್ತದೆ. ನಿಮ್ಮ ಅನಿರುದ್ಧ ಮೊದಲ ಪುಟದಿಂದಲೇ ಮಾತು ನುಂಗುವವನು. ಅವನು ಕೊನೆಯಲ್ಲೂ ಮಾತು ನುಂಗಿದರೆ ಅದು ತ್ಯಾಗವಾಗುವುದಿಲ್ಲ, ಅವನ ಹಳೆಯ ಅಭ್ಯಾಸ ಮುಂದುವರಿದಂತಾಗುತ್ತದೆ.

ಹಾಗಾದರೆ ಸೇರಿಸುವುದು ಅಥವಾ ಅಗಲಿಸುವುದು ಯಾವುದರ ಮೇಲೆ ನಿಂತಿದೆ? ಇದಕ್ಕೆ ನನಗೆ ತಿಳಿದಿರುವ ಅತ್ಯಂತ ಸ್ಪಷ್ಟ ಉದಾಹರಣೆ 1986ರ ‘ಪ್ರೆಟಿ ಇನ್ ಪಿಂಕ್’. ಬಡ ಮನೆಯ ಹುಡುಗಿ, ಅವಳನ್ನು ಇಷ್ಟಪಟ್ಟೂ ತನ್ನ ಶ್ರೀಮಂತ ಗೆಳೆಯರ ಮೂದಲಿಕೆಗೆ ಹೆದರಿ ಹಿಂದೆ ಸರಿಯುವ ಹುಡುಗ, ಮತ್ತು ಅವಳ ಹಿಂದೆಯೇ ಸುತ್ತುವ ಬಾಲ್ಯದ ಗೆಳೆಯ. ಮೊದಲು ಚಿತ್ರೀಕರಿಸಿದ್ದ ಮುಕ್ತಾಯದಲ್ಲಿ ಅವಳು ಆ ಗೆಳೆಯನ ಜೊತೆಗೇ ಉಳಿಯುತ್ತಿದ್ದಳು. ಪರೀಕ್ಷಾರ್ಥ ಪ್ರದರ್ಶನದಲ್ಲಿ ಜನ ಒಪ್ಪಲಿಲ್ಲ, ಮುಕ್ತಾಯವನ್ನು ಮತ್ತೆ ಚಿತ್ರೀಕರಿಸಿ ಶ್ರೀಮಂತ ಹುಡುಗನಿಗೇ ಅವಳನ್ನು ಒಪ್ಪಿಸಿದರು. (ಆ ನಟ ಅಷ್ಟರಲ್ಲಿ ನಾಟಕವೊಂದಕ್ಕಾಗಿ ತಲೆಗೂದಲು ತೆಗೆಸಿಕೊಂಡಿದ್ದರಿಂದ ಕೊನೆಯ ದೃಶ್ಯದಲ್ಲಿ ವಿಗ್ ಧರಿಸಿದ್ದಾನೆ; ಒಮ್ಮೆ ಗೊತ್ತಾದ ಮೇಲೆ ಕಣ್ಣು ಬೇರೆಲ್ಲೂ ಹೋಗುವುದಿಲ್ಲ.) ಮರುವರ್ಷವೇ ಅದೇ ಲೇಖಕ ಜಾನ್ ಹ್ಯೂಸ್, ಅದೇ ನಿರ್ದೇಶಕನ ಜೊತೆ, ಗಂಡು ಹೆಣ್ಣಿನ ಸ್ಥಾನ ಅದಲುಬದಲು ಮಾಡಿ ಹೆಚ್ಚುಕಡಿಮೆ ಇದೇ ಕಥೆಯನ್ನು ‘ಸಮ್ ಕೈಂಡ್ ಆಫ್ ವಂಡರ್‌ಫುಲ್’ (1987) ಎಂದು ಮಾಡಿದರು. ಅದರಲ್ಲಿ ಬಾಲ್ಯದ ಗೆಳತಿಗೇ ಗೆಲುವು. ಎರಡು ಚಿತ್ರಗಳನ್ನೂ ಒಂದರ ಹಿಂದೊಂದು ನೋಡಿದರೆ ಕಾರಣ ತಿಳಿಯುತ್ತದೆ. ಮೊದಲ ಚಿತ್ರ ಆರಂಭದಿಂದ ಕೇಳುತ್ತ ಬಂದದ್ದು ‘ಈ ಶ್ರೀಮಂತ ಹುಡುಗನಿಗೆ ಧೈರ್ಯ ಬಂದೀತೇ’ ಎಂದು. ಗೆಳೆಯನ ಪ್ರೀತಿ ಅಲ್ಲಿ ನಗುವಿಗೆ ವಸ್ತುವಾಗಿತ್ತೇ ಹೊರತು ಪ್ರಶ್ನೆಯಾಗಿರಲಿಲ್ಲ. ಎರಡನೆಯದು ಮೊದಲಿನಿಂದಲೇ ಆ ಗೆಳತಿಯ ಕಣ್ಣಲ್ಲಿ ನಮ್ಮನ್ನು ನಿಲ್ಲಿಸಿ, ‘ಇವನಿಗೆ ಯಾವಾಗ ಕಂಡೀತು’ ಎಂದು ಕೇಳುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕರೆ ಪ್ರೇಕ್ಷಕನಿಗೆ ಸಮಾಧಾನ. ಕೇಳದ ಪ್ರಶ್ನೆಗೆ ಎಷ್ಟೇ ಚಂದದ ಉತ್ತರ ಕೊಟ್ಟರೂ ಅವನಿಗೆ ಅದು ಬೇರೊಂದು ಚಿತ್ರದ ಕೊನೆಯಂತೆ ಕಾಣುತ್ತದೆ.

ಇದನ್ನು ನಮ್ಮವರು ಬಹಳ ಹಿಂದೆಯೇ ಹೇಳಿಟ್ಟಿದ್ದಾರೆ. ನಾಟ್ಯಶಾಸ್ತ್ರ ಹೇಳುವ ಐದು ಸಂಧಿಗಳಲ್ಲಿ, ಅಂದರೆ ಕಥೆಯ ಐದು ಹಂತಗಳಲ್ಲಿ, ಕೊನೆಯದಾದ ನಿರ್ವಹಣದ ಕೆಲಸ, ಮೊದಲನೆಯದಾದ ಮುಖಸಂಧಿಯಲ್ಲಿ ಬಿತ್ತಿದ ಬೀಜವೂ ಸೇರಿದಂತೆ ಕಥೆಯುದ್ದಕ್ಕೂ ಚದುರಿದ್ದನ್ನೆಲ್ಲ ಒಂದು ಫಲಕ್ಕೆ ತಂದು ಕೂಡಿಸುವುದು. ಅಲ್ಲಿ ಅದ್ಭುತ ರಸ ಇರಬೇಕೆಂದೂ ಅದು ಹೇಳುತ್ತದೆ. ಅಚ್ಚರಿ ಬೇಕು, ಆದರೆ ಒಳಗಿನಿಂದ ಬರಬೇಕು ಎಂದು ನಾನು ಅದನ್ನು ಅರ್ಥಮಾಡಿಕೊಳ್ಳುತ್ತೇನೆ.

ಈಗ ನಿಮ್ಮ ಕಥೆ ಕೇಳುತ್ತಿರುವ ಪ್ರಶ್ನೆ ಯಾವುದು ಎಂದು ನೋಡೋಣ. ಗೆಳೆಯರ ನಡುವಿನ ಪ್ರೇಮಕಥೆಗೆ ಒಂದು ಹುಟ್ಟುದೋಷವಿದೆ. ಬೇರೆ ಪ್ರೇಮಕಥೆಗಳಲ್ಲಿ ಅಡ್ಡಿ ಹೊರಗಿರುತ್ತದೆ: ಜಾತಿ, ಅಂತಸ್ತು, ಅಪ್ಪನ ಹಟ, ದೂರದ ಊರು. ಇಲ್ಲಿ ಅವ್ಯಾವುವೂ ಇಲ್ಲ. ಅನಿರುದ್ಧ ಮೈಥಿಲಿಯರಿಬ್ಬರೂ ಒಂದೇ ಊರಿನ ಕಡೆಯವರು, ಮನೆಯವರಿಗೂ ಪರಸ್ಪರ ಗೊತ್ತು, ಮೈಥಿಲಿಯ ತಾಯಿ ಇವನಿಗೆ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಳಿಸುವಷ್ಟು ಸಲಿಗೆ. ಹಾಗಿದ್ದ ಮೇಲೆ ಹತ್ತು ವರ್ಷ ಯಾಕೆ ಸುಮ್ಮನಿದ್ದರು? ಈ ಪ್ರಶ್ನೆಗೆ ಕಥೆ ಉತ್ತರ ಕೊಡದಿದ್ದರೆ ಯಾವ ಮುಕ್ತಾಯವೂ ನಿಲ್ಲುವುದಿಲ್ಲ. ಉತ್ತರ ನಿಮ್ಮ ಹಸ್ತಪ್ರತಿಯ 14ನೇ ಪುಟದಲ್ಲಿದೆ, ನೀವೇ ಬರೆದು ಮರೆತಿದ್ದೀರಿ. ಭಾನುವಾರ ಡೆಕ್ಕನ್ ಜಿಮ್‌ಖಾನಾದ ಹೋಟೆಲಿನಲ್ಲಿ ನಾಲ್ವರೂ ತಿಂಡಿ ತಿನ್ನುತ್ತಾರೆ, ಅನಿರುದ್ಧ ಎಂದಿನಂತೆ ತನ್ನ ಸಣ್ಣ ಡೈರಿಯಲ್ಲಿ ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಬರೆಯುತ್ತಾನೆ. ಮೈಥಿಲಿಯ ಹೆಸರಿನ ಮುಂದೆ 340 ರೂಪಾಯಿ ಬಾಕಿ. ಅವಳು ಫೋನ್ ತೆಗೆದು ಕಳಿಸಲು ಹೋಗಿ, ನಿಲ್ಲಿಸಿ, ‘ಬ್ಯಾಡ ಬಿಡೋ, ಚುಕ್ತಾ ಮಾಡಿದ್ರ ಮುಂದಿನ ವಾರ ಬರಾಕ ನೆವಾ ಏನ್ ಉಳೀತು’ ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ, ಅವನು ನಗುವುದಿಲ್ಲ, ಪೆನ್ನಿನ ಮುಚ್ಚಳ ಹಾಕುತ್ತಾನೆ. ಇಡೀ ಚಿತ್ರಕಥೆಯಲ್ಲಿ ನನಗೆ ಅತಿ ಇಷ್ಟವಾದ ದೃಶ್ಯ ಇದು. ಇವರಿಬ್ಬರೂ ಬಾಕಿ ಉಳಿಸಿಕೊಂಡೇ ಬದುಕುವವರು. ಲೆಕ್ಕ ಚುಕ್ತಾ ಆದರೆ ಗೆಳೆತನವೂ ಮುಗಿದೀತು ಎಂಬ ಭಯ ಇಬ್ಬರಿಗೂ ಇದೆ. ಹಾಗಾಗಿ ‘ಇವರಿಬ್ಬರೂ ಸೇರುತ್ತಾರೆಯೇ’ ಎಂಬುದು ನಿಮ್ಮ ಕಥೆಯ ಪ್ರಶ್ನೆಯೇ ಅಲ್ಲ. ಬಾಯಿಬಿಟ್ಟು ಹೇಳಿದರೆ ಇಷ್ಟು ದಿನ ಇದ್ದದ್ದು ಉಳಿಯುತ್ತದೆಯೇ ಎಂಬುದು ಅದರ ಪ್ರಶ್ನೆ. ನಿಮ್ಮ ಮೂರು ಮುಕ್ತಾಯಗಳಲ್ಲಿ ಒಂದೂ ಇದನ್ನು ಮುಟ್ಟುವುದಿಲ್ಲ. ಮೊದಲನೆಯದರಲ್ಲಿ ಅವನು ಹೇಳಿದ ಕೂಡಲೇ ಚಿತ್ರ ಮುಗಿಯುತ್ತದೆ, ಎರಡನೆಯದರಲ್ಲಿ ಹೇಳುವುದೇ ಇಲ್ಲ, ಮೂರನೆಯದರಲ್ಲಿ ಹೇಳಿದನೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ಹೇಳಿದ ಮೇಲೆ ಏನಾಯಿತು ಎಂಬ ಭಾಗವೇ ನಿಮ್ಮ ಚಿತ್ರಕಥೆಯಲ್ಲಿ ಇಲ್ಲ.

ಈ ಬಗೆಯ ಕಥೆಗಳಿಗೆಲ್ಲ ಮಾದರಿಯಂತಿರುವ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ (1989) ಗಟ್ಟಿಯಾಗಿ ನಿಂತಿರುವುದು ಇಲ್ಲೇ. ಹೊಸ ವರ್ಷದ ಹಿಂದಿನ ರಾತ್ರಿ ನಾಯಕ ಓಡಿಬರುವ ದೃಶ್ಯವೇ ಎಲ್ಲರಿಗೂ ನೆನಪು. ಆದರೆ ಅದಕ್ಕೆ ಬಹಳ ಮೊದಲೇ ಆ ಇಬ್ಬರೂ ಒಂದು ರಾತ್ರಿ ಗೆಳೆತನದ ಗಡಿ ದಾಟಿರುತ್ತಾರೆ, ಬೆಳಗಾಗುವಷ್ಟರಲ್ಲಿ ಅವನು ಹೆದರಿಕೊಂಡಿರುತ್ತಾನೆ, ತಮ್ಮಿಬ್ಬರ ಸ್ನೇಹಿತರ ಮದುವೆಯಲ್ಲೇ ಜಗಳವಾಡಿ ಮಾತು ಬಿಟ್ಟಿರುತ್ತಾರೆ. ಹೇಳಿದರೆ ಗೆಳೆತನ ಮುರಿಯುತ್ತದೆ ಎಂಬ ಭಯವನ್ನು ಚಿತ್ರ ನಿಜವಾಗಿಸಿ ತೋರಿಸುತ್ತದೆ, ಆಮೇಲೆ ಮುರಿದದ್ದನ್ನು ಜೋಡಿಸುತ್ತದೆ. ನಿರ್ದೇಶಕ ರಾಬ್ ರೈನರ್ ಮೊದಲು ಇಬ್ಬರನ್ನೂ ಬೇರೆಬೇರೆಯಾಗಿಯೇ ಉಳಿಸಬೇಕೆಂದಿದ್ದರು. ಚಿತ್ರೀಕರಣದ ಸಮಯದಲ್ಲಿ ತಮ್ಮ ಮುಂದಿನ ಹೆಂಡತಿಯನ್ನು ಭೇಟಿಯಾದ ಮೇಲೆ ಮನಸ್ಸು ಬದಲಿಸಿದರು ಎಂದು ಅವರೇ ಹೇಳಿಕೊಂಡಿದ್ದಾರೆ. ಅಷ್ಟು ತಡವಾಗಿ ಬದಲಿಸಿದರೂ ಅದು ಅಂಟಿಸಿದಂತೆ ಕಾಣುವುದಿಲ್ಲ. ಅವರ ಬದುಕು ಅವರಿಗೆ ಯಾವ ಕಡೆ ವಾಲಬೇಕೆಂಬುದನ್ನಷ್ಟೇ ತೋರಿಸಿತು, ಯಾವ ಕಡೆ ವಾಲಿದರೂ ಹೊರುವ ಶಕ್ತಿ ಆ ಚಿತ್ರಕಥೆಗೆ ಆಗಲೇ ಇತ್ತು.

ಕಾಳಿದಾಸನಂತೂ ಇದರಲ್ಲಿ ಇನ್ನೂ ನಿಷ್ಠುರ. ಶಾಕುಂತಲದಲ್ಲಿ ಬೆಸ್ತನ ಕೈಯಿಂದ ಉಂಗುರ ಸಿಕ್ಕಿ ದುಷ್ಯಂತನಿಗೆ ಎಲ್ಲ ನೆನಪಾದ ಕ್ಷಣ ಕುದುರೆ ಏರಿ ಹೊರಟುಬಿಡುವುದಿಲ್ಲ. ಆರನೆಯ ಅಂಕಪೂರ್ತಿ ಅವನು ಪಶ್ಚಾತ್ತಾಪದಲ್ಲಿ ಬೇಯುತ್ತಾನೆ, ಅವಳ ಚಿತ್ರ ಬರೆದುಕೊಂಡು ಅದರೊಡನೆ ಮಾತನಾಡುತ್ತಾನೆ. ಸಮಾಗಮ ಏಳನೆಯ ಅಂಕದಲ್ಲಿ. ನೆನಪಾಗುವುದಕ್ಕೂ ಸೇರುವುದಕ್ಕೂ ನಡುವೆ ಕವಿ ಒಂದು ಇಡೀ ಅಂಕದ ಅಂತರವಿಟ್ಟಿದ್ದಾನೆ. ನಿಮ್ಮ ಅನಿರುದ್ಧನಿಗೆ 104ನೇ ಪುಟದಲ್ಲಿ ಜ್ಞಾನೋದಯ, 109ರಲ್ಲಿ ವಿಮಾನ ನಿಲ್ದಾಣ.

ಆ ವಿಮಾನ ನಿಲ್ದಾಣದ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಟಿಕೆಟ್ಟೂ ಗುರುತಿನ ಚೀಟಿಯೂ ಇಲ್ಲದವರನ್ನು ನಮ್ಮ ದೇಶದಲ್ಲಿ ಭದ್ರತಾ ಸಿಬ್ಬಂದಿ ಬಾಗಿಲಲ್ಲೇ ನಿಲ್ಲಿಸುತ್ತಾರೆ, ಆದ್ದರಿಂದ ಓಡಿಬಂದವನ ಪ್ರೇಮ ಪುಣೆಯ ಲೋಹೆಗಾಂವ್ ನಿಲ್ದಾಣದ ಬಾಗಿಲಲ್ಲಿ ಟ್ರಾಲಿಗಳ ನಡುವೆಯೇ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮೊಬೈಲ್ ಫೋನು. ಎಲ್ಲರ ಜೇಬಿನಲ್ಲೂ ಫೋನಿರುವ ಕಾಲದಲ್ಲಿ ಒಬ್ಬ ಓಡಬೇಕಾದರೆ ಫೋನಿನಲ್ಲಿ ಹೇಳಲಾಗದ್ದು ಏನೋ ಇರಬೇಕು. ಅವನು ಹೇಳುವುದು ಕೇವಲ ಸುದ್ದಿಯಾಗಿದ್ದರೆ ಒಂದು ಮೆಸೇಜು ಸಾಕು.

ಓಟ ಬೇಡವೆಂದ ಮಾತ್ರಕ್ಕೆ ಗಡುವು ಬೇಡವೆಂದಲ್ಲ. ರೊಮ್ಯಾಂಟಿಕ್ ಕಾಮಿಡಿಗೆ ಗಡಿಯಾರದ ಸದ್ದು ಬೇಕೇಬೇಕು. ಅದೂ ನಿಮ್ಮ ಕಥೆಯಲ್ಲಿಯೇ ಇದೆ. ಗೋವೆಯಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ನಾಗರಿಕ ಸಂಹಿತೆಯ ಪ್ರಕಾರ ಮದುವೆಯ ನೋಂದಣಿ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಗಂಡು ಹೆಣ್ಣು ಇಬ್ಬರೂ ನೋಂದಣಾಧಿಕಾರಿಯ ಮುಂದೆ ಸಾಕ್ಷಿಗಳೊಡನೆ ಬಂದು ಮದುವೆಯಾಗುವ ಇಚ್ಛೆಯನ್ನು ಘೋಷಿಸಿ ಸಹಿ ಮಾಡುತ್ತಾರೆ. ಆಕ್ಷೇಪಣೆಗಳಿಗೆ ಕೆಲವು ದಿನ ಅವಕಾಶ ಕೊಟ್ಟು, ಆಮೇಲೆ ಮತ್ತೊಮ್ಮೆ ಬಂದು ಸಹಿ ಮಾಡಿದಾಗ ಮದುವೆ ದಾಖಲಾಗುತ್ತದೆ. ನಿಮ್ಮ 41ನೇ ಪುಟದಲ್ಲಿ ನಾಲ್ವರೂ ಕಾರಿನಲ್ಲಿ ಅಂಬೋಲಿ ಘಾಟ್ ಇಳಿದು ಪಣಜಿಗೆ ಹೋಗುತ್ತಾರೆ, ಮೊದಲ ಸಹಿ ಆಗುತ್ತದೆ, ಸಾಕ್ಷಿಯಾಗಿ ಅನಿರುದ್ಧನೇ ಸಹಿ ಹಾಕುತ್ತಾನೆ. ನೀವು ಅದನ್ನು ಬರೀ ತಮಾಷೆಗೆ ಬಳಸಿ ಮುಂದೆ ಹೋಗಿದ್ದೀರಿ. ಎರಡು ಸಹಿಗಳ ನಡುವಿನ ಆ ದಿನಗಳೇ ನಿಮ್ಮ ಗಡುವು. ಪ್ರೀತಿಸುವವನೇ ಸಾಕ್ಷಿ ಹಾಕಿದ್ದಾನೆ ಎಂಬುದಕ್ಕಿಂತ ಒಳ್ಳೆಯ ಬಿಕ್ಕಟ್ಟನ್ನು ನಾನು ಕುಳಿತು ಯೋಚಿಸಿದರೂ ಕಟ್ಟಲಾರೆ. ಒಂದು ಎಚ್ಚರಿಕೆ ಮಾತ್ರ: ಅನಿರುದ್ಧ ಕಚೇರಿಗೆ ಹೋಗಿ ಆಕ್ಷೇಪಣೆ ಸಲ್ಲಿಸುವ ದೃಶ್ಯ ಬರೆಯುವ ಆಸೆ ನಿಮಗೆ ಬಂದೇ ಬರುತ್ತದೆ. ಬರೆಯಬೇಡಿ. ಕಾನೂನಿನ ಅಡ್ಡಿಗಳಿಗಾಗಿ ಇರುವ ಅವಕಾಶ ಅದು, ಒಲವಿಗಾಗಿ ಅಲ್ಲ. ಅಲ್ಲದೆ ಅವಳ ಸಹಿಯನ್ನು ಇನ್ನೊಬ್ಬ ತಡೆಯುವುದರಲ್ಲಿ ನಗುವಂಥದ್ದೇನೂ ಇಲ್ಲ.

ನಿಮ್ಮ ಮುಂದಿರುವ ದಾರಿಗಳು ಮುಖ್ಯವಾಗಿ ಎರಡು. ಎರಡಕ್ಕೂ ಮೊದಲ ಕೆಲಸ ಒಂದೇ: ಅನಿರುದ್ಧ ಹೇಳುವ ಮಾತನ್ನು ಕೊನೆಯಿಂದ ಕಿತ್ತು 80ನೇ ಪುಟದ ಆಚೀಚೆಗೆ ತನ್ನಿ, ಅದಕ್ಕಾಗಿ ಪಣಜಿಯ ಪಯಣವನ್ನೂ ಅಲ್ಲಿಗೇ ಸರಿಸಿ, ಮೊದಲ ಸಹಿ ಮುಗಿಸಿ ವಾಪಸು ಬರುವ ಹಾದಿಯಲ್ಲೇ ಅವನು ಹೇಳಲಿ, ಹೇಳಿ ಸೋಲಲಿ. ಅವಳು ಸಂತೋಷಪಡುವುದು ಬೇಡ, ಸಿಟ್ಟಾಗಲಿ. ‘ಹತ್ತ ವರ್ಷ ಎಲ್ಲಿದ್ದಿ ನೀ? ಸಾಕ್ಷಿ ಸಹಿ ಹಾಕಿ ಬಂದ ಮ್ಯಾಲೆ ನೆನಪಾತೇನು?’ ಎಂದು ಕೇಳುವ ಹಕ್ಕು ಅವಳಿಗಿದೆ, ಪ್ರೇಕ್ಷಕನ ಮನಸ್ಸಿನಲ್ಲಿರುವ ಪ್ರಶ್ನೆಯೂ ಅದೇ.

ಮೊದಲ ದಾರಿ ಸೇರಿಸುವುದು. ಇದರ ಅಪಾಯ ಕೌಸ್ತುಭ. ಮೂರನೆಯವನನ್ನು ದಾರಿಯಿಂದ ಸರಿಸಲು ನಮ್ಮ ಚಿತ್ರಗಳಲ್ಲಿ ಒಂದು ಸವೆದ ಉಪಾಯವಿದೆ: ಕೊನೆಯ ಹದಿನೈದು ನಿಮಿಷದಲ್ಲಿ ಅವನನ್ನು ಕೆಟ್ಟವನನ್ನಾಗಿಸುವುದು, ಬೇರೆ ಹೆಣ್ಣಿನ ಸಂಬಂಧ ಹೊರಹಾಕುವುದು, ವರದಕ್ಷಿಣೆ ಕೇಳಿಸುವುದು. ನಿಮ್ಮ ಮೊದಲ ಮುಕ್ತಾಯದಲ್ಲಿ ಕೌಸ್ತುಭ ಇದ್ದಕ್ಕಿದ್ದಂತೆ ಮೈಥಿಲಿಯ ಕೆಲಸ ಬಿಡಿಸುವ ಮಾತಾಡುತ್ತಾನೆ. ಅಷ್ಟರವರೆಗೆ ಅವನು ಸಜ್ಜನ, ತಮಾಷೆಗಾರ, ಅನಿರುದ್ಧನಿಗಿಂತ ಚೆನ್ನಾಗಿ ಅಡುಗೆ ಮಾಡುವವನು. ಅವನನ್ನು ಕೆಡಿಸಿದ ಕ್ಷಣ ಮೈಥಿಲಿ ಆರಿಸಿಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ, ಕೆಟ್ಟವನಿಂದ ತಪ್ಪಿಸಿಕೊಂಡವಳು ಮಾತ್ರ ಆಗುತ್ತಾಳೆ. ಅವನು ಕೊನೆಯತನಕ ಒಳ್ಳೆಯವನಾಗಿಯೇ ಇರಲಿ. ಮೈಥಿಲಿ ಎರಡನೆಯ ಸಹಿಯ ಹಿಂದಿನ ದಿನ ತಾನಾಗಿಯೇ ಹೋಗಿ ಅವನ ಮುಂದೆ ಕುಳಿತು ಹೇಳಲಿ, ಅನಿರುದ್ಧ ತನಗಾಗಿ ಕಾಯುತ್ತಿದ್ದಾನೋ ಇಲ್ಲವೋ ಎಂದು ಅವಳಿಗೆ ಗೊತ್ತಿಲ್ಲದಿರುವಾಗಲೇ ಹೇಳಲಿ. ಆ ದೃಶ್ಯದಲ್ಲಿ ಅತ್ಯುತ್ತಮ ಮಾತುಗಳು ಕೌಸ್ತುಭನಿಗೆ ಸಿಗಬೇಕು, ಅವನಿಗೆ ಸಿಟ್ಟು ಬರಬೇಕು, ಕಲ್ಯಾಣ ಮಂಟಪಕ್ಕೆ ಕೊಟ್ಟ ಮುಂಗಡ, ಹಂಚಿಯಾದ ಲಗ್ನಪತ್ರಿಕೆ, ಅವನ ತಾಯಿ ಓಣಿಯಲ್ಲಿ ಎದುರಿಸಬೇಕಾದ ಮುಖಗಳು, ಇವೆಲ್ಲ ಅಲ್ಲಿ ಬರಬೇಕು. ನಗಿಸುವ ಚಿತ್ರದಲ್ಲಿ ಇಷ್ಟು ಭಾರವೇ ಎಂದು ನಿರ್ಮಾಪಕರು ಕೇಳುತ್ತಾರೆ. ಇಷ್ಟು ಭಾರವಿದ್ದರೆ ಮಾತ್ರ ಮುಂದಿನ ನಗು ದಕ್ಕುತ್ತದೆ ಎಂದು ನಾನು ಹೇಳುತ್ತ ಬಂದಿದ್ದೇನೆ, ಎಲ್ಲರೂ ಒಪ್ಪಿದ್ದಾರೆಂದಲ್ಲ.

ಇನ್ನೊಂದು ಸೂಕ್ಷ್ಮವಿದೆ. ಅನಿರುದ್ಧ ಮತ್ತು ಕೌಸ್ತುಭ ಇಬ್ಬರೇ ಕುಳಿತು ಮೈಥಿಲಿಯ ಬಗ್ಗೆ ತೀರ್ಮಾನಕ್ಕೆ ಬರುವ ದೃಶ್ಯ ಎಲ್ಲಿಯೂ ಬೇಡ. ಇಬ್ಬರು ಗಂಡಸರು ದೊಡ್ಡ ಮನಸ್ಸು ಮಾಡಿ ಹೆಣ್ಣನ್ನು ಬಿಟ್ಟುಕೊಡುವುದು ಮೂವತ್ತು ವರ್ಷದ ಹಿಂದೆ ಚಪ್ಪಾಳೆ ಗಿಟ್ಟಿಸುತ್ತಿತ್ತು, ಈಗ ನಿಮ್ಮ ವಯಸ್ಸಿನ ಪ್ರೇಕ್ಷಕಿಯರು ಆಸನದಲ್ಲಿ ಮಿಸುಕಾಡುತ್ತಾರೆ. ಹಾಗೆಂದು ಅನಿರುದ್ಧ ಸುಮ್ಮನೆ ಕೂರುವಂತಿಲ್ಲ. ಅವನ ಪಾಲಿನ ಕ್ರಿಯೆ ಬೇರೆ: ‘ಮದುವೆಗೆ ನಾನು ಬರೂದಿಲ್ಲ, ನನ್ನಿಂದ ಆಗೂದಿಲ್ಲ’ ಎಂದು ಅವಳಿಗೆ ನೇರವಾಗಿ ಹೇಳಿ, ಡೈರಿಯ 340 ರೂಪಾಯಿಯನ್ನು ಹೊಡೆದುಹಾಕುವುದು. ಬಾಕಿಯನ್ನೇ ನೆಚ್ಚಿಕೊಂಡಿದ್ದವನು ಬಾಕಿ ತೀರಿಸಿದಾಗ ಅವನು ಎಷ್ಟು ಕಳೆದುಕೊಳ್ಳಲು ಸಿದ್ಧನಾದ ಎಂಬುದು ಒಂದೂ ಭಾಷಣವಿಲ್ಲದೆ ತಿಳಿಯುತ್ತದೆ.

ಎರಡನೆಯ ದಾರಿಯಲ್ಲಿ ಮೈಥಿಲಿ ಎರಡನೆಯ ಸಹಿಯನ್ನೂ ಹಾಕುತ್ತಾಳೆ. ಅವಳಿಗೆ ಅನಿರುದ್ಧ ಪ್ರಿಯ, ಆದರೆ ಹತ್ತು ವರ್ಷ ಬಾಯಿ ಬಿಡದವನ ಜೊತೆ ಇನ್ನು ನಲವತ್ತು ವರ್ಷ ಊಹಿಸಿಕೊಂಡೇ ಬದುಕುವ ಮನಸ್ಸು ಅವಳಿಗಿಲ್ಲ. ಇದೂ ಗೌರವದ ಮುಕ್ತಾಯವೇ. ಅಪಾಯವೆಂದರೆ, ಪ್ರೇಕ್ಷಕ ಖಾಲಿ ಕೈಯಲ್ಲಿ ಎದ್ದುಹೋಗುವುದು. ಜೋಡಿ ಸಿಗದಿದ್ದಾಗ ಬೇರೇನೋ ಪೂರ್ಣವಾಗಬೇಕು, ಆ ಹೊಣೆ ನಿಮ್ಮ ಕಥೆಯಲ್ಲಿ ಶ್ರೀಧರ ಮತ್ತು ಫರ್ಹಾನಾರ ಮೇಲೆ ಬೀಳುತ್ತದೆ. ಸದ್ಯ ಅವರಿಬ್ಬರೂ ನಾಯಕನಿಗೆ ಸಲಹೆ ಕೊಡಲು ಮಾತ್ರ ಬಾಯಿ ತೆರೆಯುತ್ತಾರೆ. ನಾಲ್ವರ ಗುಂಪಿನಲ್ಲಿ ಇಬ್ಬರು ಜೋಡಿಯಾದರೂ ಇಬ್ಬರು ಮುನಿಸಿಕೊಂಡರೂ ಮಿಕ್ಕಿಬ್ಬರ ಭಾನುವಾರಗಳು ಹಾಳಾಗುತ್ತವೆ ಎಂಬುದನ್ನು ಈ ಬಗೆಯ ಚಿತ್ರಗಳು ಏಕೋ ಗಮನಿಸುವುದೇ ಇಲ್ಲ. ಫರ್ಹಾನಾ ಒಮ್ಮೆ ಸಿಡಿದೆದ್ದು ‘ನಿಮ್ಮಿಬ್ರ ಸಲುವಾಗಿ ನಾ ಯಾರ ಕಡೆ ಇರ್ಲಿ’ ಎಂದು ಕೇಳಿದರೆ ಚಿತ್ರ ಬೇರೆಯೇ ಆದೀತು. ಈ ದಾರಿ ಹಿಡಿದರೆ ಅವರಿಗೆ ಕನಿಷ್ಠ ಹತ್ತು ಪುಟ ಹೆಚ್ಚು ಕೊಡಿ, ಕೊನೆಯಲ್ಲಿ ಉಳಿಯುವುದು ಆ ಗುಂಪೇ.

ಕೆಫೆಯ ಮುಕ್ತಾಯವನ್ನು ಕೈಬಿಡಿ. ಎರಡೂ ಸಾಧ್ಯತೆಗಳಿಗೆ ಸಮನಾದ ತೂಕ ಕೊಟ್ಟು ಬಂದ ಕಥೆಗೆ ಅಂಥ ಕೊನೆ ಒಪ್ಪುತ್ತದೆ. ನಿಮ್ಮಲ್ಲಿ ಅದು ಬಂದಿರುವುದು ಉಳಿದೆರಡರ ನಡುವೆ ಆರಿಸಲಾಗದ್ದರಿಂದ, ಓದುವವರಿಗೂ ಅದು ಗೊತ್ತಾಗುತ್ತದೆ.

ಈಗ ನಿಮ್ಮ ಎರಡನೆಯ ಆತಂಕ. ಗೆಳೆತನ ಕಳೆದುಕೊಂಡ ನಿಮ್ಮ ಅನುಭವ ನಿಮಗೆ ಮುಕ್ತಾಯದ ತೀರ್ಪನ್ನು ಹೇಳಿಕೊಡಬೇಕಿಲ್ಲ, ಏಕೆಂದರೆ ಅದು ನಿಮ್ಮಿಬ್ಬರಿಗೆ ಸಂಬಂಧಿಸಿದ್ದು, ಇವರಿಬ್ಬರಿಗಲ್ಲ. ಆದರೆ ಆ ಅನುಭವವಿಲ್ಲದವರು ಬರೆಯಲಾಗದ ಭಾಗವೊಂದು ಈ ಚಿತ್ರಕಥೆಯಲ್ಲಿದೆ, ನೀವು ಬರೆಯದೇ ಬಿಟ್ಟಿರುವುದೂ ಅದನ್ನೇ. ಹೇಳಿದ ಮರುದಿನ ಗುಂಪಿನ ವಾಟ್ಸಾಪ್‌ನಲ್ಲಿ ಯಾರು ಮೊದಲು ಬರೆದರು, ಏನೂ ಆಗಿಲ್ಲವೆಂಬಂತೆ ಕಳಿಸಿದ ಜೋಕಿಗೆ ಎಷ್ಟು ಹೊತ್ತಿನ ನಂತರ ನಗು ಬಂತು, ಲಕ್ಷ್ಮಿ ರೋಡಿನಲ್ಲಿ ಸೀರೆ ಆರಿಸುವಾಗ ಅಭಿಪ್ರಾಯ ಕೇಳಲು ಫೋನ್ ಎತ್ತಿ ಮತ್ತೆ ಇಟ್ಟದ್ದು, ಇಬ್ಬರಿಗೂ ಬೇಕಾದವರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗದಿರಲು ಹುಡುಕಿದ ನೆಪ. ಇದು ನಿಮಗೆ ಗೊತ್ತಿದೆ. 80ರಿಂದ 100ನೇ ಪುಟದವರೆಗೆ ಇದನ್ನೇ ಬರೆಯಿರಿ, ನಗು ಬರುವ ಕಡೆ ನಗುತ್ತಲೇ ಬರೆಯಿರಿ. ಕಾಳಿದಾಸ ಆರನೆಯ ಅಂಕದಲ್ಲೂ ವಿದೂಷಕನನ್ನು ಹೊರಗಟ್ಟಲಿಲ್ಲ. ಆ ಇಪ್ಪತ್ತು ಪುಟ ನಿಜವಾದರೆ, ಆಮೇಲೆ ಸೇರಿಸಿದರೂ ಸುಳ್ಳಾಗುವುದಿಲ್ಲ, ಅಗಲಿಸಿದರೂ ಸೇಡಾಗುವುದಿಲ್ಲ.

ನನ್ನ ಒಲವು ಕೇಳಿದರೆ ಮೊದಲ ದಾರಿಯ ಕಡೆ. ಇಷ್ಟು ಬಾಕಿ ಉಳಿಸಿಕೊಂಡವರು ಒಬ್ಬರಿಂದೊಬ್ಬರು ದೂರವಾಗಲಾರರು ಎಂದು 14ನೇ ಪುಟ ನನ್ನನ್ನು ನಂಬಿಸಿದೆ. ಆದರೆ ಸೇರಿದ ಮೇಲೆ ಕುಣಿತ, ವಾಲಗ, ಮುತ್ತು ಯಾವುದೂ ಬೇಡ. ಒಂದು ಸಾಧಾರಣ ಭಾನುವಾರದ ತಿಂಡಿಯ ಬಿಲ್ಲು ಸಾಕು, ಆ ದೃಶ್ಯದಲ್ಲಿ ಶ್ರೀಧರ ಫರ್ಹಾನಾ ಇನ್ನೂ ಪೂರ್ತಿ ಕ್ಷಮಿಸದೆ ಕುಳಿತಿದ್ದರೆ ಇನ್ನೂ ಒಳ್ಳೆಯದು.

ತಿದ್ದಿದ ಪ್ರತಿಯನ್ನು ಮಾಟುಂಗದ ಬಳಗದ ಮುಂದೆ ಮತ್ತೆ ಓದುವಾಗ 100ನೇ ಪುಟದಲ್ಲಿ ನಿಲ್ಲಿಸಿ. ‘ಇವರು ಸೇರಬೇಕೇ’ ಎಂದು ಕೇಳಬೇಡಿ, ಕೇಳಿದರೆ ಮತ್ತೆ ಹಿಂದಿನ ಉತ್ತರಗಳೇ ಬರುತ್ತವೆ. ಯಾರ ಮೇಲೆ ಸಿಟ್ಟು ಬಂತು ಎಂದು ಕೇಳಿ. ಅನಿರುದ್ಧನ ಮೇಲೆ ಎಂದರೆ ಅವನು ಹೇಳುವ ದೃಶ್ಯ ಇನ್ನೂ ತಡವಾಗಿ ಬಂದಿದೆ. ಮೈಥಿಲಿಯ ಮೇಲೆ ಎಂದರೆ ಅವಳ ಸಿಟ್ಟಿಗೆ ಕಾರಣ ಸಾಲದಾಗಿದೆ. ಕೌಸ್ತುಭನ ಮೇಲೆ ಎಂದು ಒಬ್ಬರಾದರೂ ಹೇಳಿದರೆ ಅವನನ್ನು ಎಲ್ಲೋ ಕೆಡಿಸಿದ್ದೀರಿ, ಆ ಸಾಲನ್ನು ಹುಡುಕಿ ತೆಗೆಯಿರಿ, ಆಮೇಲೆ ಉಳಿದ ಪುಟಗಳನ್ನು ಬರೆಯಲು ಕುಳಿತುಕೊಳ್ಳಿ.